ಮಡಿಯಲ್ಲಿದ್ದ ಮೋಟಾರ್ ಸೈಕಲ್

ಅಕ್ಟೋಬರ್ ತಿಂಗಳ ಎರಡನೇ ಭಾನುವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ಮೊಳಕಾಲ್ಮೂರು, ನನ್ನ ಷಡ್ಡಕನ ಮನೆಯ ಮಗ್ಗದ ಕೋಣೆ. ಹಾಜರಿದ್ದವರು: ಷಡ್ಡಕ, ಅವನ ಹೆಂಡತಿ ಅಂದರೆ ನನ್ನ ನಾದಿನಿ, ಅವಳ ಅಕ್ಕ ಅಂದರೆ ನನ್ನ ಹೆಂಡತಿ, ಮಗ್ಗ ಮಾಡುವ ಬಡಗಿ, ನಾನು, ಮತ್ತು ಒಂದು ಮೋಟಾರ್ ಸೈಕಲ್. ಈ ಆರು ಮಂದಿಯಲ್ಲಿ ಆ ಹೊತ್ತಿಗೆ ಸ್ನಾನ ಮುಗಿಸಿದ್ದವರು ಇಬ್ಬರೇ. ನಾನು ಮತ್ತು ಮೋಟಾರ್ ಸೈಕಲ್.

ಗಾಡಿಯನ್ನು ಮಂದಿಯ ಲೆಕ್ಕಕ್ಕೆ ಸೇರಿಸುವುದೇ ಎಂದು ಕೇಳಬೇಡಿ. ಆ ಮನೆಯಲ್ಲಿ ಒಂದು ತಿಂಗಳಿಂದ ಅದೇ ಯಜಮಾನ.

ನನ್ನ ಷಡ್ಡಕನಿಗೆ ಹುಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನದನ್ನು ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ! ವಯಸ್ಸು ಅರವತ್ತೆರಡು. ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದವನು. ಕುಡಿತವಿಲ್ಲ, ಜೂಜಿಲ್ಲ, ಇಸ್ಪೀಟಿಲ್ಲ. ಇಷ್ಟೆಲ್ಲ ಇಲ್ಲದವನಿಗೆ ಏನಾದರೂ ಒಂದು ಇರಲೇಬೇಕಲ್ಲ? ಅದು ಆ ಮೋಟಾರ್ ಸೈಕಲ್ ಆಗಿತ್ತು. ಮೂವತ್ತು ವರ್ಷ ಹಳೆಯದು. ಸ್ಟಾರ್ಟ್ ಮಾಡಿದರೆ ಓಣಿಯ ನಾಯಿಗಳು ಎದ್ದು ಜಾಗ ಬದಲಿಸುತ್ತವೆ. ನೇಯ್ದ ಸೀರೆಯ ಗಂಟನ್ನು ಅದರ ಮೇಲೆ ಕಟ್ಟಿಕೊಂಡು ಚಳ್ಳಕೆರೆಗೆ ಬಂದನೆಂದರೆ ನಮ್ಮ ಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. ನಾನು ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದವನು. ನಾಲ್ಕು ಗಂಟೆಗೆ ಬರುತ್ತೇನೆಂದವನು ನಾಲ್ಕಕ್ಕೇ ಬರಬೇಕೆಂಬುದು ನನ್ನ ಶಿಸ್ತು. ಅವನು ನಾಲ್ಕಕ್ಕೆ ಹೊರಡುವುದನ್ನೇ ಬರುವುದು ಅಂದುಕೊಂಡಿದ್ದ.

ಹೀಗೆ ಒಂದು ದಿನ ಬಂದವನು, ಕಾಫಿ ಲೋಟ ಕೆಳಗಿಡುತ್ತಾ ಹೇಳಿದ.

"ಮೇಷ್ಟ್ರೇ, ನಾನೂ ಇವಳೂ ನ್ಯೂಜಿಲೆಂಡಿಗೆ ಹೋಗ್ತೀವಿ. ಎರಡು ತಿಂಗಳು. ಗಾಡೀನೂ ಬರ್ತೈತೆ."

"ಗಾಡಿ ಹೇಗೆ ಬರುತ್ತಯ್ಯಾ?"

"ಹಡಗಲ್ಲಿ."

"ಯಾಕೆ, ಅಲ್ಲಿ ಬಾಡಿಗೆಗೆ ಗಾಡಿ ಸಿಗಲ್ವೇನೋ?"

"ಸಿಗ್ತಾವ್ರಿ. ಆದ್ರೆ ಅವಕ್ಕೆ ಇವಳನ್ನ ಕೂರಿಸ್ಕೊಂಡು ರೂಢಿ ಇಲ್ಲ."

ನನ್ನ ಹೆಂಡತಿ ಒಳಗಿನಿಂದ ನಗುತ್ತಿದ್ದಳು. ನಾನು ನಗಲಿಲ್ಲ. "ಅಷ್ಟು ದೂರ ಹೋಗಿ ನೋಡೋದೇನು?" ಎಂದೆ.

"ಕುರಿ ಭಾಳ ಅಂತೆ ಮೇಷ್ಟ್ರೇ. ಗುಡ್ಡದ ತುಂಬ ಕುರಿ."

"ಲೇ, ಕುರಿ ನೋಡೋಕೆ ನ್ಯೂಜಿಲೆಂಡ್ ಯಾಕೋ? ದೇವಸಮುದ್ರದ ಬಸ್ ಹತ್ತು. ಬಸ್ಸಿನೊಳಗೇ ನಾಲ್ಕು ಇರ್ತಾವೆ!"

"ಅಲ್ಲಿ ರಸ್ತೇಲಿ ಎಡಗಡೇನೇ ಓಡಿಸಬೇಕಂತೆ, ನಮ್ಮಂಗೇ. ಅದೊಂದು ಅನುಕೂಲ ಐತೆ."

"ಇಲ್ಲಿ ನೀನು ಎಡಗಡೆ ಓಡಿಸಿದ್ದು ಯಾವಾಗ?"

ಖರ್ಚಿನ ಮಾತು ನಾನು ಎತ್ತಲಿಲ್ಲ. ಎತ್ತಿದ್ದರೆ ನೀವೂ ಬನ್ನಿ ಎಂದು ಕರೆಯುವ ಆಸಾಮಿ.

ತಮಾಷೆಯಾಗಿ ಕೇಳಿಸಿಕೊಂಡು ಕಳಿಸಿಬಿಡಬಹುದಿತ್ತು. ಆದರೆ ಲೋಟ ಎತ್ತಿಕೊಳ್ಳುವಾಗ ಅವನು ಬಲಗೈ ಬಳಸಿದ್ದನ್ನು ನಾನು ನೋಡಿದೆ. ಅವನು ಎಡಚ. ಎರಡು ವರ್ಷದಿಂದ ಎಡಗೈಯ ಬೆರಳುಗಳಿಗೆ ಜೋಮು ಹಿಡಿಯುತ್ತಿತ್ತು. ಆ ಕೈಯಲ್ಲಿ ಈಗ ಸೂಕ್ಷ್ಮದ ಎಳೆ ನಿಲ್ಲುತ್ತಿರಲಿಲ್ಲ. ಮೋಟಾರ್ ಸೈಕಲ್ಲಿನ ಕ್ಲಚ್ ಇರುವುದೂ ಎಡಗೈಗೇ. ದಾವಣಗೆರೆಯ ಡಾಕ್ಟರು ನೋಡಿ, "ಈ ವರ್ಷ ಓಡಿಸಿ. ಮುಂದಿನ ವರ್ಷದ ಮಾತು ನಾನು ಕೊಡಲಾರೆ" ಎಂದಿದ್ದರು. ಆ ದೇಶದಲ್ಲಿ ಬೇಸಿಗೆ ಎಂದರೆ ನಮ್ಮ ಡಿಸೆಂಬರ್, ಜನವರಿ. ಗಾಡಿ ಈ ಹಡಗು ಹತ್ತಿದರೆ ಉಂಟು, ಹತ್ತದಿದ್ದರೆ ಇಲ್ಲವೇ ಇಲ್ಲ. ಅಂದಿನಿಂದ ನಾನು ಮೇಲೆ ಬೈಯುತ್ತಾ ಒಳಗೆ ಟೈಮ್‌ಟೇಬಲ್ ಹಾಕತೊಡಗಿದೆ.

ತಯಾರಿ ನೋಡಬೇಕಿತ್ತು! ಚಳಿಗೆ ಒಗ್ಗಿಕೊಳ್ಳಬೇಕೆಂದು ಹಾಲಿನ ಡೇರಿಯವರನ್ನು ಕಾಡಿಬೇಡಿ, ಹಾಲು ತಣ್ಣಗಿಡುವ ಕೋಣೆಯೊಳಗೆ ಜಾಕೆಟ್ ಹಾಕಿಕೊಂಡು ಇಪ್ಪತ್ತು ನಿಮಿಷ ಕೂತು ಬಂದ. ಮೂರು ದಿನ ಸೀನಿದ. "ಒಗ್ಗಿತು" ಎಂದ.

ನಾದಿನಿಗೂ ತರಬೇತಿ. ಬೇಸಿಗೆಯ ಮಧ್ಯಾಹ್ನ, ನೆಲ ಹಂಚಿನಂತೆ ಕಾದಿರುವಾಗ, ಇಬ್ಬರೂ ಹೆಲ್ಮೆಟ್ಟು, ದಪ್ಪ ಜಾಕೆಟ್ಟು, ಕೈಗವಸು ಹಾಕಿಕೊಂಡು ಬಿ.ಜಿ. ಕೆರೆಗೆ ಹೋಗಿ ಒಂದೊಂದು ಚಹಾ ಕುಡಿದು ವಾಪಸು ಬರುತ್ತಿದ್ದರು. ಜಾಕೆಟ್ಟಿನ ಕೆಳಗೆ ಅವಳದು ಸೀರೆಯೇ. ಪ್ಯಾಂಟು ಹಾಕೆಂದರೆ ಒಪ್ಪಲಿಲ್ಲ. "ನೇಯೋರ ಮನೆಯವಳು ಸೀರೆ ಬಿಟ್ಟು ಇನ್ನೊಂದು ಉಟ್ಕೊಂಡು ದೇಶ ತಿರುಗಿದ್ರೆ, ಇನ್ಯಾರು ಉಡ್ತಾರ್ರೀ?" ಎಂದು ನನ್ನನ್ನೇ ಕೇಳಿದಳು. ಬಿ.ಜಿ. ಕೆರೆಯ ಹೋಟೆಲಿನವನು ಮೊದಲ ದಿನ ಎದ್ದು ನಿಂತು, "ಸಾರ್, ಗ್ಯಾಸ್ ಲೀಕ್ ಆಗೈತಾ ಎಲ್ಲಾದ್ರೂ?" ಎಂದು ಕೇಳಿದನಂತೆ.

ಗಾಡಿ ಗಡಿ ದಾಟಲು ಅದಕ್ಕೂ ಪಾಸ್‌ಪೋರ್ಟಿನಂಥ ಒಂದು ಪುಸ್ತಕ ಬೇಕು. ಅದೂ ಬಂತು. ಹೆಂಡತಿಯ ಪಾಸ್‌ಪೋರ್ಟಿಗಿಂತ ಎಂಟು ದಿನ ಮೊದಲೇ ಬಂತು. "ನೋಡಕ್ಕಾ, ಸವತಿದು ಮೊದಲು" ಎಂದು ನಾದಿನಿ ನನ್ನ ಹೆಂಡತಿಗೆ ಫೋನು ಮಾಡಿದಳು.

ಇದೆಲ್ಲ ಸುಲಭದ ಭಾಗ. ಕಷ್ಟದ್ದು ಶುಚಿ.

ಆ ದೇಶದವರಿಗೆ ನಮ್ಮ ಮಣ್ಣೆಂದರೆ ಭಯ. ಟೈರಿನ ಸಂದಿಯಲ್ಲಿ ಒಂದು ಚಿಟಿಕೆ ಮಣ್ಣಿರಕೂಡದು, ಒಂದು ಹುಲ್ಲಿನ ಬೀಜ ಇರಕೂಡದು, ಒಂದು ಸತ್ತ ಇರುವೆ ಇರಕೂಡದು. ಇದ್ದರೆ ಗಾಡಿ ಬಂದ ಹಡಗಿನಲ್ಲೇ ವಾಪಸು! ಬೆಂಗಳೂರಿನಲ್ಲಿ ಗಾಡಿ ಸಾಗಿಸುವ ಏಜೆನ್ಸಿಯವರು ಮೂರು ಪುಟಗಳ ಸೂಚನೆ ಕಳಿಸಿದ್ದರು. ಅದರ ಮೊದಲೆರಡು ಪುಟ ನಾನು ಓದಿ ಹೇಳಿದ ದಿನದಿಂದ ಗಾಡಿಗೆ ಮಡಿ ಶುರುವಾಯಿತು.

ಮಡಿ ಎಂದರೆ ಎಂಥ ಮಡಿ! ನಮ್ಮಜ್ಜಿ ಶ್ರಾವಣದಲ್ಲಿ ಹಿಡಿಯುತ್ತಿದ್ದ ಮಡಿ ಇದರ ಮುಂದೆ ಏನೂ ಅಲ್ಲ. ಗಾಡಿಯನ್ನು ಮಗ್ಗದ ಕೋಣೆಗೆ ತಂದು, ತೊಳೆದ ಹಲಗೆಯ ಮೇಲೆ ನಿಲ್ಲಿಸಿದ. ಅಂದಿನಿಂದ ಅದು ನೆಲ ಮುಟ್ಟಲಿಲ್ಲ. ಚಪ್ಪಲಿ ಹಾಕಿದವರಿಗೆ ಆ ಕೋಣೆಗೆ ಪ್ರವೇಶವಿಲ್ಲ. ಹೊಲದಿಂದ ಬಂದವರು ಕಾಲು ತೊಳೆದರೂ ಹೊಸ್ತಿಲಲ್ಲೇ ನಿಂತು ಮಾತಾಡಬೇಕು. ಹಲ್ಲುಜ್ಜುವ ಬ್ರಶ್ಶು ಹನ್ನೊಂದು ಸವೆದವು. ಬ್ರಶ್ಶು ಹೋಗದ ಕಡೆ ರೇಷ್ಮೆಯ ಎಳೆಯನ್ನು ಸೋಪಿನಲ್ಲಿ ಅದ್ದಿ, ಚೈನಿನ ಒಂದೊಂದು ಕೊಂಡಿಯೊಳಗೂ ತೂರಿಸಿ ಎಳೆದ. ಹಡಗು ಹತ್ತುವ ಮುಂಚೆ ಟ್ಯಾಂಕಿನ ಪೆಟ್ರೋಲೂ ಖಾಲಿ ಮಾಡಬೇಕಂತೆ. ಮಡಿಯ ಜೊತೆಗೆ ಉಪವಾಸವೂ ಆಯಿತು!

ಒಂದು ದಿನ ಫೋನು. ಧ್ವನಿಯಲ್ಲಿ ಉದ್ವೇಗ. "ಮೇಷ್ಟ್ರೇ, ಏರ್ ಫಿಲ್ಟರ್ ಡಬ್ಬೀಲಿ ಒಂದು ಬೀಜ ಸಿಕ್ತು! ವರವು ಕಾವಲಿನ ಹುಲ್ಲಿಂದು!"

"ಬೀಜದ ಮೇಲೆ ವಿಳಾಸ ಬರೆದಿತ್ತೇನೋ?"

"ಅಲ್ಲಿಗೆ ನಾನು ಎಷ್ಟು ಸಲ ಹೋಗಿಲ್ಲ! ಇದು ಸರ್ಕಾರದೋರು ಆ ಹುಲ್ಲುಗಾವಲಿಗೆ ಬೇಲಿ ಹಾಕೋಕೆ ಮುಂಚಿಂದು."

"ಅದು ಹೇಗೆ ಗೊತ್ತು?"

"ಬೇಲಿ ಹಾಕಿದ ಮೇಲಿಂದಾದ್ರೆ ಗೇಟಲ್ಲಿ ಬೀಜಕ್ಕೂ ಪಾಸ್ ಬೇಕಾಗ್ತಿತ್ತಲ್ರೀ!"

ಮರದ ಪೆಟ್ಟಿಗೆಯದು ಬೇರೆ ಕತೆ. ಹಲಗೆಯೊಳಗೆ ಹುಳ ಇರಬಾರದೆಂದು ಅದನ್ನು ಹಬೆಯಲ್ಲಿ ಕಾಯಿಸಿ ಮುದ್ರೆ ಒತ್ತಿರಬೇಕು. ಏಜೆನ್ಸಿಯವರೇ ಅಂಥ ಹಲಗೆ ಕಳಿಸಿದರು. ನಮ್ಮ ಬಡಗಿ ಮೂರು ತಲೆಮಾರಿನಿಂದ ಮಗ್ಗ ಮಾಡುವ ಮನೆತನದವನು. ಹಲಗೆಯನ್ನು ಮೂಸಿ ನೋಡಿ, "ಬೇಯಿಸಿದ ಮರ! ಇದನ್ನ ಉಣ್ತಾರೇನ್ರೀ ಅವರು?" ಎಂದ. ಆಮೇಲೆ ಮಗ್ಗಕ್ಕೆ ಮಾಡುವ ಹಾಗೆಯೇ ಗೂಟ ಬೆಸೆದು ಪೆಟ್ಟಿಗೆ ನಿಲ್ಲಿಸಿದ. ಅಷ್ಟು ಭದ್ರವಾಗಿತ್ತು, ಗಾಡಿ ಒಳಗೆ ಹೋಗಲು ಬಾಗಿಲೇ ಇರಲಿಲ್ಲ! ಮತ್ತೆ ಒಂದು ಬದಿ ಬಿಚ್ಚಬೇಕಾಯಿತು.

ಈಗ ಆ ಭಾನುವಾರಕ್ಕೆ ಬರುತ್ತೇನೆ.

ಟೈಮ್‌ಟೇಬಲ್ ನನ್ನದು. ಗೋಡೆಗೆ ಅಂಟಿಸಿದ್ದೆ. ಆರೂಕಾಲಿಗೆ ಕೊನೆಯ ಒರೆಸುವಿಕೆ. ಎಂಟಕ್ಕೆ ತಿಂಡಿ. ಒಂಬತ್ತಕ್ಕೆ ಗಾಡಿಯನ್ನು ಪೆಟ್ಟಿಗೆಗೆ ಏರಿಸುವುದು. ಹತ್ತಕ್ಕೆ ಸುತ್ತ ತುಂಬುವುದು. ಹನ್ನೆರಡಕ್ಕೆ ಸೂಚನೆಯ ಮೂರನೇ ಪುಟ ಓದುವುದು. ಒಂದೂವರೆಗೆ ಊಟ. ನಾಲ್ಕಕ್ಕೆ ಏಜೆನ್ಸಿಯವರು ವಿಡಿಯೋ ಕರೆಯಲ್ಲಿ ಗಾಡಿ ನೋಡಿ ಒಪ್ಪಿಗೆ ಕೊಡುವುದು. ಆರಕ್ಕೆ ಲಾರಿ. ಸುತ್ತ ತುಂಬಿ ಮುಚ್ಚಿದ ಗಾಡಿಯನ್ನು ಅವರು ನಾಲ್ಕಕ್ಕೆ ನೋಡುವುದು ಹೇಗೆಂದು ಆಗ ಯಾರಿಗೂ ಹೊಳೆಯಲಿಲ್ಲ. ಮೂರನೇ ಪುಟವನ್ನು ಹನ್ನೆರಡಕ್ಕೇ ಏಕೆ ಇಟ್ಟೆ? ಒಂದು ಕೆಲಸ ಮುಗಿಯದೆ ಮುಂದಿನದಕ್ಕೆ ಕೈ ಹಾಕಬಾರದೆಂದು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಹೇಳಿದವನು ನಾನು. ಅದನ್ನು ನಾನೇ ಮೀರಲೇ?

ಪೆಟ್ಟಿಗೆಯಲ್ಲಿ ಗಾಡಿ ಅಲುಗಾಡದಂತೆ ಸುತ್ತ ತುಂಬಲು ಏನಾದರೂ ಮೆತ್ತನೆಯದು ಬೇಕಲ್ಲ? ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದವನು ಒಡೆಯುವ ವಸ್ತುವನ್ನು ಶೇಂಗಾ ಹೊಟ್ಟಿನಲ್ಲಲ್ಲದೆ ಇನ್ನೆಲ್ಲಿ ಇಡುತ್ತಾನೆ? ನಮ್ಮ ಊರಿನಲ್ಲಿ ಎಣ್ಣೆ ಮಿಲ್ಲಿಗೆ ಹೋಗಿ ಚೀಲ ಹಿಡಿದರೆ ಸಾಕು. ನನ್ನ ಮದುವೆಯ ಗಾಜಿನ ಲೋಟಗಳು ಬಂದದ್ದು ಹೊಟ್ಟಿನಲ್ಲಿ. ದೇವರ ಪಟಗಳು ಮನೆ ಬದಲಿಸಿದ್ದು ಹೊಟ್ಟಿನಲ್ಲಿ. ಹಿಂದಿನ ದಿನವೇ ಆರು ಚೀಲ ಆಟೋದಲ್ಲಿ ತಂದಿದ್ದೆ.

ಹತ್ತು ಗಂಟೆಗೆ ಮೊದಲ ಚೀಲದ ಬಾಯಿ ಬಿಚ್ಚಿದಾಗ ಷಡ್ಡಕ ಮೆಲ್ಲಗೆ ಕೇಳಿದ.

"ಮೇಷ್ಟ್ರೇ, ಇದೂ ಗಿಡದ್ದೇ ಅಲ್ವಾ?"

"ಬೀಜ ತೆಗೆದ ಹೊಟ್ಟು ಕಣಯ್ಯಾ. ನೀರು ಹಾಕಿ ನೋಡು, ಮೊಳೆಯುತ್ತಾ?"

"ಅದೂ ಸರಿ. ನೀವು ಹೇಳಿದ ಮೇಲೆ ಮುಗೀತು ಬಿಡ್ರಿ."

ಸುರಿದೆ. ಆರೂ ಚೀಲ. ಒತ್ತಿ ಒತ್ತಿ ತುಂಬಿದೆ. ಹನ್ನೊಂದು ಐವತ್ತಕ್ಕೆ ಮುಗಿಯಿತು, ಹತ್ತು ನಿಮಿಷ ಮೊದಲೇ! ಕೈ ತೊಳೆದು, ಕನ್ನಡಕ ಹಾಕಿಕೊಂಡು, ಹನ್ನೆರಡಕ್ಕೆ ಸರಿಯಾಗಿ ಮೂರನೇ ಪುಟವನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಲು ನಿಂತೆ. ಇಂಗ್ಲಿಷಿನಲ್ಲಿದ್ದದ್ದನ್ನು ಸಾಲುಸಾಲಾಗಿ ಕನ್ನಡಕ್ಕೆ ತಂದು ಹೇಳುತ್ತಾ ಹೋದೆ.

"ಪೆಟ್ಟಿಗೆಯೊಳಗೆ ತುಂಬುವ ವಸ್ತುಗಳು. ಒಣಹುಲ್ಲು, ತೌಡು, ಮರದ ಪುಡಿ, ಯಾವುದೇ ಧಾನ್ಯದ ಅಥವಾ ಕಾಳಿನ..."

ನನ್ನ ಧ್ವನಿ ಅಲ್ಲಿಂದ ಮುಂದೆ ಇಳಿಯಿತು.

"...ಹೊಟ್ಟು, ಸಿಪ್ಪೆ, ಯಾವ ಗಿಡದ ಯಾವ ಭಾಗವನ್ನೂ ಬಳಸಕೂಡದು. ಬಳಸಿದರೆ ಇಳಿಸಲು ಬಿಡುವುದಿಲ್ಲ."

ಬಡಗಿ ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು ಮತ್ತೆ ಅಲ್ಲೇ ಇಟ್ಟ. ನಮ್ಮ ಮನೆಯ ಹೆಂಗಸರು ಸಿಟ್ಟು ಬಂದಾಗ ತೆಲುಗಿಗೆ ಇಳಿಯುತ್ತಾರೆ. ನನ್ನ ಹೆಂಡತಿ ಇಳಿದಳು.

"ಏಂ ಸದ್ವಿನಾವಯ್ಯಾ ನುವ್ವು!"

ಏನು ಓದಿದೆಯಯ್ಯಾ ನೀನು ಎಂದರ್ಥ. ಮದುವೆಯಾದ ಮೇಲೆ ನನಗೆ ಏಕವಚನ ಹಾಕಿದ್ದು ಅದೇ ಮೊದಲು.

ಒಂದು ತಿಂಗಳು ಹಲ್ಲಿನ ಬ್ರಶ್ಶು ಹಿಡಿದು ಒಂದು ಹುಲ್ಲಿನ ಬೀಜವನ್ನು ಹುಡುಕಿ ತೆಗೆದ ಮನುಷ್ಯನ ಗಾಡಿಯ ಮೇಲೆ ನಾನು ಆರು ಚೀಲ ಶೇಂಗಾ ಹೊಟ್ಟು ಸುರಿದಿದ್ದೆ. ಹೊಟ್ಟಿನ ಪುಡಿ ಎಂಜಿನ್ನನ್ನು ತಂಪಾಗಿಸುವ ರೆಕ್ಕೆಗಳ ಸಂದಿಯಲ್ಲಿ, ಚೈನಿನಲ್ಲಿ, ಚಕ್ರದ ಕಡ್ಡಿಗಳ ಬುಡದಲ್ಲಿ, ಸೀಟಿನ ಹೊಲಿಗೆಯಲ್ಲಿ, ಎಲ್ಲಿಲ್ಲ ಹೇಳಿ! ಜೊತೆಗೆ ಅಲ್ಲೊಂದು ಇಲ್ಲೊಂದು, ಮಿಲ್ಲಿನ ಕಣ್ಣು ತಪ್ಪಿಸಿ ಬಂದ ಇಡೀ ಶೇಂಗಾ ಬೀಜಗಳೂ ಇದ್ದವು. ನಾಲ್ಕು ಗಂಟೆಗೆ ವಿಡಿಯೋ ಕರೆ.

ಷಡ್ಡಕ ಬೈಯದೆ ಪೆಟ್ಟಿಗೆಯ ಕಡೆ ತಿರುಗಿದ. ಅದೇ ಕಷ್ಟವಾಯಿತು.

"ಬೈದುಬಿಡೋ ಮಾರಾಯಾ" ಎಂದೆ.

"ಈಗ ಟೈಮಿಲ್ಲ ಮೇಷ್ಟ್ರೇ. ನಾಳೆ ಬೈತೀನಿ. ಟೈಮ್‌ಟೇಬಲ್ಲಲ್ಲಿ ಬರ್ಕೊಳ್ರಿ."

ಹಾಗೆಂದು ಪೆಟ್ಟಿಗೆಯ ಗೂಟ ಕೀಳಲು ಹೋದ. ಎಡಗೈ ಹಿಡಿತ ತಪ್ಪಿ ಗೂಟ ಜಾರಿತು. ಇನ್ನೊಮ್ಮೆ ಹಿಡಿದ, ಇನ್ನೊಮ್ಮೆ ಜಾರಿತು. ಅವನು ಆ ಕೈಯನ್ನು ಪಂಚೆಯ ಮಡಿಕೆಯೊಳಗೆ ಇಟ್ಟುಕೊಂಡು ನೇಯುವಾಗ ಕಾಲಿಳಿಬಿಡುವ ಮಗ್ಗದ ಗುಣಿಯ ಅಂಚಿನಲ್ಲಿ ಕೂತ. ಗಡಿಯಾರ ಹನ್ನೆರಡೂ ಹತ್ತು ತೋರಿಸುತ್ತಿತ್ತು.

ಆಗ ನಾದಿನಿ ಸೆರಗು ಸಿಕ್ಕಿಸಿಕೊಂಡು ಎದ್ದಳು. ಹೆಚ್ಚು ಮಾತಿನವಳಲ್ಲ ಅವಳು. ನಲವತ್ತು ವರ್ಷ ಗಂಡನ ಮಗ್ಗಕ್ಕೆ ನೂಲಿನ ಲಡಿ ಸುತ್ತಿಕೊಟ್ಟವಳು. ಬೀದಿಗೆ ಹೋಗಿ ಕೂಗಿದಳು. ಐದು ನಿಮಿಷದಲ್ಲಿ ಅಕ್ಕಪಕ್ಕದ ಮನೆಗಳಿಂದ ನಾಲ್ಕು ಮಂದಿ ಹೆಂಗಸರು, ಕಾಲು ತೊಳೆದುಕೊಂಡು, ಒಬ್ಬೊಬ್ಬರೂ ಒಂದೊಂದು ಹಿಡಿ ರೇಷ್ಮೆ ಎಳೆ ಹಿಡಿದು ಒಳಗೆ ಬಂದರು. ಬಡಗಿ ಪೆಟ್ಟಿಗೆ ಬಿಚ್ಚಿ, ಹೊಟ್ಟನ್ನು ಮತ್ತೆ ಚೀಲಕ್ಕೆ ತುಂಬಿ, ಹಲಗೆಗಳನ್ನು ಒರೆಸಿಟ್ಟ. ಗಾಡಿಯನ್ನು ಎತ್ತಿ ಬೆಳಕಿಂಡಿಯ ಕೆಳಗೆ, ಹೊಸದಾಗಿ ತೊಳೆದ ಹಲಗೆಯ ಮೇಲೆ ನಿಲ್ಲಿಸಿದೆವು.

"ಭಾವಾ, ಟಾರ್ಚು ಹಿಡೀರಿ" ಎಂದಳು ನಾದಿನಿ ನನಗೆ. "ಮಾತಾಡಬೇಡಿ."

ಹಿಡಿದೆ. ಮಾತಾಡಲಿಲ್ಲ.

ನೇಯುವವರ ಕಣ್ಣನ್ನು ನಾನು ಅಷ್ಟು ವರ್ಷ ನೋಡಿದ್ದೆ, ಅವರ ಬೆರಳನ್ನು ನೋಡಿದ್ದು ಅವತ್ತೇ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಸಾವಿರಾರು ಎಳೆ ಇರುತ್ತವೆ. ಒಂದು ಕಡಿದರೆ ಕಣ್ಣಿಗೆ ಕಾಣುವುದಿಲ್ಲ, ಬೆರಳು ಸವರಿ ಕಂಡುಹಿಡಿಯುತ್ತಾರೆ. ನಾದಿನಿ ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ರೆಕ್ಕೆಗಳ ಮೇಲೆ ಬೆರಳಾಡಿಸುತ್ತಿದ್ದಳು. "ಇಲ್ಲೈತೆ ಒಂದು" ಎನ್ನುವಳು. ಪಕ್ಕದ ಮನೆಯವಳು ಎಳೆ ತೂರಿಸಿ ಎಳೆಯುವಳು. ನನ್ನ ಹೆಂಡತಿ ಸೈಕಲ್ ಪಂಪಿನಿಂದ ಗಾಳಿ ಹಾಕುವಳು. ಬಂದ ಚೂರನ್ನು ಬಡಗಿ ಬಟ್ಟಲಿಗೆ ಹಾಕುವನು. ಹೀಗೆ ಒಂದು ಗಂಟೆ, ಎರಡು ಗಂಟೆ. ಊಟ ಯಾರಿಗೂ ನೆನಪಾಗಲಿಲ್ಲ. ಟೈಮ್‌ಟೇಬಲ್ಲಿನಲ್ಲಿ ಒಂದೂವರೆಗೆ ಎಂದು ಬರೆದಿದ್ದರೂ ನಾನು ನೆನಪಿಸಲಿಲ್ಲ!

ಮೂರು ಗಂಟೆಯ ಹೊತ್ತಿಗೆ ಷಡ್ಡಕನೂ ಎದ್ದು ಬಂದ. ಬಲಗೈಯಲ್ಲಿ ಎಳೆಯ ಒಂದು ತುದಿ, ಇನ್ನೊಂದು ತುದಿ ಹಲ್ಲಿನಲ್ಲಿ. ಹಾಗೇ ಚೈನಿನ ಕೊಂಡಿಗಳನ್ನು ಮತ್ತೆ ಒಂದೊಂದಾಗಿ ಉಜ್ಜಿದ. ಒಮ್ಮೆ ಮಾತ್ರ ನನ್ನ ಕಡೆ ತಿರುಗಿ, ಹಲ್ಲಿನ ಎಳೆ ಬಿಡದೆಯೇ ಕೇಳಿದ, "ಆಗ್ತದಾ ಮೇಷ್ಟ್ರೇ?"

ಟಾರ್ಚನ್ನು ಇನ್ನಷ್ಟು ಹತ್ತಿರ ಹಿಡಿದೆ.

ನಾಲ್ಕಕ್ಕೆ ಕರೆ ಬಂತು. ಏಜೆನ್ಸಿಯ ಹುಡುಗಿ ಚಿಕ್ಕವಳು, ಆದರೆ ಇನ್ಸ್‌ಪೆಕ್ಷನ್ನಿಗೆ ಬಂದ ಸಾಹೇಬರಿಗಿಂತ ಬಿಗಿ.

"ಅಂಕಲ್, ಸೀಟ್ ಕೆಳಗೆ ತೋರಿಸಿ. ಇನ್ನೂ ಹತ್ತಿರ. ಮಡ್‌ಗಾರ್ಡ್ ಒಳಗೆ. ಚೈನ್ ನಿಧಾನಕ್ಕೆ ತಿರುಗಿಸಿ. ಸ್ಟಾಪ್! ಅದೇನು ಕಂದು ಬಣ್ಣ ಕಾಣ್ತಿದೆ, ಬಲಗಡೆ?"

ಷಡ್ಡಕ ಬಗ್ಗಿ ನೋಡಿದ.

"ಅದು ನಮ್ಮ ಮೇಷ್ಟ್ರ ಹೆಬ್ಬೆರಳಮ್ಮಾ."

ತೆಗೆದೆ. ಹುಡುಗಿ ಇನ್ನೂ ಕಾಲು ಗಂಟೆ ನೋಡಿದಳು. ಕೊನೆಗೆ, "ಅಂಕಲ್, ಶೋರೂಮಿಂದ ಬರೋ ಗಾಡೀನೂ ಇಷ್ಟು ಕ್ಲೀನ್ ಇರಲ್ಲ. ಓಕೆ. ಲಾರಿಗೆ ಹಾಕಿ" ಎಂದಳು. ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಅಷ್ಟರಲ್ಲಿ ಫೋನಿನಿಂದ ಮತ್ತೆ ಧ್ವನಿ. "ಅಂದ ಹಾಗೆ, ಪ್ಯಾಕಿಂಗಿಗೆ ಏನು ತುಂಬ್ತಿದೀರಿ?"

ಮೂಲೆಯಲ್ಲಿ ಆರು ಚೀಲ. ಎಲ್ಲರೂ ನನ್ನನ್ನೇ ನೋಡಿದರು. ಹೊಸ ಪ್ಲಾಸ್ಟಿಕ್ಕು ತರಲು ಭಾನುವಾರ ಯಾವ ಅಂಗಡಿ? ಬಡಗಿ ಹೊರಗೆ ನೋಡುತ್ತಾ ನಿಂತಿದ್ದವನು, "ಫ್ಲೆಕ್ಸು!" ಎಂದ. "ತೊಳೆದು ಒರೆಸಿ ಹಾಕಿ" ಎಂದು ಹುಡುಗಿ ಫೋನು ಇಟ್ಟಳು. ಬೀದಿಯ ಕೊನೆಗೆ ಯಾರೋ ಮುಖಂಡರ ಹುಟ್ಟುಹಬ್ಬದ ದೊಡ್ಡ ಬ್ಯಾನರ್ ಇತ್ತು. ಹುಟ್ಟುಹಬ್ಬ ಮುಗಿದು ಹದಿನೈದು ದಿನವಾಗಿತ್ತು. ಕಟ್ಟಿದವರನ್ನು ಕೇಳಿಯೇ ಬಿಚ್ಚಿ ತಂದು, ಸೋಪು ಹಾಕಿ ತೊಳೆದು, ಒರೆಸಿ, ಪಟ್ಟಿಗಳಾಗಿ ಕತ್ತರಿಸಿ, ಸುರುಳಿ ಸುತ್ತಿ ಗಾಡಿಯ ಸುತ್ತ ತುರುಕಿದೆವು. ಶುಭ ಕೋರುವವರು ಮೂವತ್ತೆರಡು ಮಂದಿ ಕೈ ಮುಗಿದುಕೊಂಡು ವೀಸಾ ಇಲ್ಲದೆ ನ್ಯೂಜಿಲೆಂಡಿಗೆ ಹೊರಟರು!

ಐದೂ ಇಪ್ಪತ್ತಕ್ಕೆ ಬಡಗಿ ಕೊನೆಯ ಗೂಟ ಬಡಿದ. ಐದೂ ಮೂವತ್ತೈದಕ್ಕೆ ಲಾರಿ ಬಂತು. ಪೆಟ್ಟಿಗೆಯನ್ನು ಏರಿಸಿ ಹಗ್ಗ ಬಿಗಿದಾಯಿತು. ಹೆಂಗಸರು ಒಳಗೆ ಅನ್ನಕ್ಕಿಟ್ಟಿದ್ದರು. ಪೆಟ್ಟಿಗೆಯ ಜೊತೆಗೆ ಹೋಗಬೇಕಾದ ಫಾರಂ ಒಂದು ಉಳಿದಿತ್ತು. ನನ್ನ ಅಕ್ಷರ ಚೆನ್ನಾಗಿದೆಯೆಂದು ಅದನ್ನು ನನಗೇ ಬಿಟ್ಟಿದ್ದರು. ಜಗಲಿಯ ಮೇಲೆ ಕೂತು ಹೆಸರು, ವಿಳಾಸ, ಎಂಜಿನ್ ನಂಬರು, ಎಲ್ಲ ತುಂಬಿದೆ. ಕೊನೆಯ ಒಂದು ಅಂಕಣ ಖಾಲಿ ಇತ್ತು.

"ಪ್ರಯಾಣದ ಉದ್ದೇಶ. ಏನು ಬರೀಲಯ್ಯಾ? ಕುರಿ ಅಂತ ಬರೀಲಾ?"

ಅವನು ನಗಲಿಲ್ಲ. ಒಳಗೆ ಒಮ್ಮೆ ನೋಡಿ, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಚಿತಪಡಿಸಿಕೊಂಡು, ನನ್ನ ಪಕ್ಕ ಕೂತ.

"ಮೇಷ್ಟ್ರೇ, ಮದುವೆಯಾದಾಗಿಂದ ಒಂದೇ ಕೋಣೇಲಿ ಕೆಲಸ ನಮ್ಮಿಬ್ರದು. ನಾನು ಗುಣೀಲಿ, ಅವಳು ಹಿಂದೆ ಮೂಲೇಲಿ. ದಿನವೆಲ್ಲ ನನ್ನ ಬೆನ್ನು ನೋಡ್ಕೊಂಡೇ ಇದ್ದಾಳೆ ಪಾಪ. ಮನೇಲಿ ಅಪ್ಪ, ಅವ್ವ, ಆಮೇಲೆ ಮಕ್ಕಳು, ಕೂಲಿಯೋರು. ಎಲ್ರೆದುರು ಒಂದಿನ ನನ್ನ ಮುಟ್ಟಿ ಮಾತಾಡಿದೋಳಲ್ಲ. ಗಾಡಿ ಮೇಲೆ ಕೂತಾಗ ಮಾತ್ರ, ಊರು ದಾಟಿದ ಮೇಲೆ, ನನ್ನ ಭುಜದ ಮೇಲೆ ಕೈ ಇಡ್ತಾಳೆ. ಮುಂದಿನ ಊರು ಕಂಡ ಕೂಡ್ಲೆ ತೆಗೆದುಬಿಡ್ತಾಳೆ."

ಎಡಗೈಯ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ನೀವಿಕೊಳ್ಳುತ್ತಿದ್ದ.

"ಅಲ್ಲಿ ಊರಿಂದ ಊರಿಗೆ ಭಾಳ ದೂರ ಅಂತೆ ರೀ."

ನಾನು ಫಾರಂ ನೋಡಿದೆ. ಅಂಕಣ ಒಂದೂವರೆ ಅಂಗುಲವಿತ್ತು. ಕನ್ನಡಕ ಒರೆಸಿಕೊಂಡು, ಅದರೊಳಗೆ ಹಿಡಿಸುವಂತೆ ದುಂಡಗೆ 'ಪ್ರವಾಸ' ಎಂಬುದನ್ನು ಇಂಗ್ಲಿಷಿನಲ್ಲಿ ಬರೆದೆ. ಸಹಿಗೆಂದು ಅವನ ಮುಂದಿಟ್ಟೆ. ಬಲಗೈಯಲ್ಲಿ ಪೆನ್ನು ಹಿಡಿದ, ಗಾಳಿಗೆ ಕಾಗದ ಹಾರುತ್ತಿತ್ತು. ಅನ್ನದ ಕೈ ತೊಳೆದು ಹೊರಗೆ ಬಂದ ನಾದಿನಿ ಬಗ್ಗಿ ಕಾಗದವನ್ನು ಒತ್ತಿ ಹಿಡಿದಳು. ಸೊಟ್ಟಗಾದರೂ ಸಹಿ ಬಿತ್ತು. ಐದೂ ಐವತ್ತೆರಡಕ್ಕೆ ಫಾರಮನ್ನು ಲಾರಿಯವನ ಕೈಗೆ ಕೊಟ್ಟೆ.